ಅಲೆಯೊಡತಿಯ ಹತ್ತೊಂಬತ್ತು ಸಾಲು

ಫೆಬ್ರವರಿ 3, ಸೋಮವಾರ

ಅಕ್ಕ ಇವತ್ತು ಆ ಆಟ ತರಿಸಿಕೊಂಡಿದ್ದಾಳೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಸ್ಟುಡಿಯೋದಿಂದ ಬರುವಷ್ಟರಲ್ಲಿ ಟೀವಿಗೆ ವೈರು ಸಿಕ್ಕಿಸಿ, ಸೋಫಾದ ತುದಿಗೆ ಕೂತು, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದುಕೊಂಡಿದ್ದಳು. ಐವತ್ತೆಂಟು ವರ್ಷದ ಹೆಂಗಸು! ಪರದೆಯ ಮೇಲೆ ಅವಳ ಯೋಧ ಗೋಡೆಗೆ ಮುಖ ಕೊಟ್ಟು ಓಡುತ್ತಲೇ ಇದ್ದ.

"ಇದೇನಕ್ಕಾ ಹೊಸ ಹುಚ್ಚು?" ಅಂದೆ.

ಅವಳು ಪಕ್ಕದಲ್ಲಿದ್ದ ಬಿಳಿ ಹಲಗೆ ಎತ್ತಿಕೊಂಡು ಬರೆದಳು: "ನನ್ನ ದನಿ ಕೇಳ್ಬೇಕು."

ನಾನು ಅನ್ನಕ್ಕಿಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ.

ಯಾರಿಗೂ ಹೇಳುವಂತಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಅದಕ್ಕೇ ಈ ಪುಸ್ತಕ. ಕೆಲಸದ ಚೀಲದಲ್ಲೇ ಇರುತ್ತದೆ, ಅಕ್ಕನ ಕೈಗೆ ಸಿಗುವುದಿಲ್ಲ.

ನಾವಿಬ್ಬರೂ ಡಬ್ಬಿಂಗ್ ಮಾಡುವವರು. ಅವಳು ಮೂವತ್ತು ವರ್ಷದಿಂದ, ನಾನು ಅವಳ ಸೆರಗು ಹಿಡಿದುಕೊಂಡು ಇಪ್ಪತ್ತೆರಡು ವರ್ಷದಿಂದ. ಇಬ್ಬರಿಗೂ ಸಂಸಾರ ಅಂಟಲಿಲ್ಲ, ಮೈಕು ಅಂಟಿತು. ಕಳೆದ ವರ್ಷ ಈ ಆಟಕ್ಕೆ ದನಿ ಕೊಟ್ಟೆವು. ಆರು ದೇವರುಗಳಿರುವ ಒಂದು ಕಟ್ಟುಕಥೆಯ ಲೋಕ, ಒಂದೊಂದು ದೇವರಿಗೆ ಒಂದೊಂದು ಗುಡಿ. ಅಕ್ಕ ಅಲೆಯೊಡತಿ, ಸಮುದ್ರದ ದೇವಿ. ನಾನು ಬೂದಿಯೊಡತಿ, ಬೆಂಕಿ ಆರಿದ ಮೇಲೆ ಉಳಿದದ್ದನ್ನು ಕಾಯುವವಳು. ಅಕ್ಕನಿಗೆ ಇನ್ನೂರ ಹದಿನಾಲ್ಕು ಸಾಲು. ನೂರ ತೊಂಬತ್ತೈದು ಮುಗಿಸಿದ್ದಳು, ಗಂಟಲು ಕೈಕೊಟ್ಟಿತು. ಡಾಕ್ಟರು ನೋಡಿ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಕಾಯುವಂತಿಲ್ಲ ಅಂದರು.

ಆಪರೇಷನ್ನಿಗೆ ಮೂರು ದಿನ ಮೊದಲು ಅಕ್ಕ ಸ್ಟುಡಿಯೋಗೆ ಬಂದು, ನನ್ನ ಎದುರಿಗೇ ಡಬ್ಬಿಂಗ್ ಮಾಡಿಸುವ ಮೇಡಂಗೆ ಹೇಳಿದಳು. ಅವಳ ಸ್ವಂತ ದನಿಯಲ್ಲಿ ನಾನು ಕೇಳಿದ ಕೊನೆಯ ಉದ್ದದ ಮಾತು ಅದು. "ಉಳಿದಿದ್ದನ್ನ ಕತ್ತರಿಸಿಬಿಡಿ. ಇಲ್ಲಾ ಮೂಕವಾಗೇ ಬಿಡಿ. ನನ್ನ ಬಾಯಿಗೆ ಇನ್ನೊಬ್ಬರ ನಾಲಗೆ ಹಾಕ್ಬೇಡಿ."

ಎರಡು ವಾರ ಕಳೆಯಿತು. ಅವಳು ವಾರ್ಡಿನಲ್ಲಿ ಕತ್ತಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಗ ಮೇಡಂ ನನ್ನನ್ನು ಕರೆದರು. "ಕೊನೇ ಗುಡೀಲಿ ದೇವಿ ಬಾಯೇ ಬಿಡಲ್ಲ ಅಂದ್ರೆ ಕಂಪನಿ ಒಪ್ಪುತ್ತಾ? ನಿಮ್ಮದು ಅವರ ದನಿಯ ಅಚ್ಚು. ಹತ್ತೊಂಬತ್ತೇ ಸಾಲು ಕಣ್ರೀ." ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಅಕ್ಕನಿಗೆ, "ಕತ್ತರಿಸಿದ್ರಂತೆ" ಅಂದೆ. ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು.

ಈಗ ಅವಳು ಕತ್ತಿನ ತೂತಿನಲ್ಲಿ ಉಸಿರಾಡುತ್ತಾ ನನ್ನ ಮನೆಯಲ್ಲಿದ್ದಾಳೆ. ಅವಳ ದನಿ ಅಂತ ಕೊನೆಗೆ ಉಳಿದಿರುವುದು ಆ ಆಟ ಒಂದೇ. ಅದರಲ್ಲೂ ನಾನು ಕೈಯಾಡಿಸಿದ್ದೇನೆ. ಅವಳು ಕೊನೆಯ ಗುಡಿ ಮುಟ್ಟಿದರೆ ನನ್ನ ಕಥೆ ಮುಗಿಯಿತು.

ಫೆಬ್ರವರಿ 6, ಗುರುವಾರ

ಒಂದು ಸಮಾಧಾನ: ಅಕ್ಕನಿಗೆ ಆಡಲು ಬರುವುದಿಲ್ಲ. ಎರಡನೆಯ ಗುಡಿಗೆ ಹೋಗುವ ಸೇತುವೆಯ ಮೇಲೆ ಒಂದು ಜೇಡ ಕೂತಿದೆ. ಎರಡು ದಿನದಿಂದ ಅದು ಅವಳನ್ನು ತಿನ್ನುತ್ತಿದೆ. ಕೊನೆಯ ಗುಡಿ ಆರನೆಯದು, ಸಮುದ್ರದ ತಳದಲ್ಲಿ. ಈ ನಡಿಗೆಯಲ್ಲಿ ಮುಂದಿನ ವರ್ಷ ಮುಟ್ಟಿಯಾಳು. ಜೇಡಕ್ಕೆ ನೂರು ವರ್ಷ ಆಯಸ್ಸಿರಲಿ.

ಆದರೆ ಇವತ್ತು ಬಟ್ಟೆ ಒಣಹಾಕಿ ಬರುವಾಗ ಒಂದು ನೋಡಿದೆ. ಊರ ಬಾಗಿಲಲ್ಲಿ ಅಲೆಯೊಡತಿಯ ಕಲ್ಲಿನ ವಿಗ್ರಹ ಇದೆ, ಎದುರು ನಿಂತು ಗುಂಡಿ ಒತ್ತಿದರೆ ಮಾತಾಡುತ್ತಾಳೆ. ಅಕ್ಕ ಒತ್ತುತ್ತಿದ್ದಳು. "ಬಾ ಮಗೂ, ಕಾಲು ಒದ್ದೆಯಾದರೆ ಆಗಲಿ." ಮತ್ತೆ ಒತ್ತಿದಳು. ಅದೇ ಸಾಲು. ಆ ತುಂಬುದನಿಗೆ ಸರಿಯಾಗಿ ಅವಳ ತುಟಿ ಅಲುಗುತ್ತಿತ್ತು, ಒಂದು ಅಕ್ಷರ ಹಿಂದೆಮುಂದಾಗದೆ. ಕೈಯಲ್ಲಿ ಒದ್ದೆ ಬಕೆಟ್ಟು ಹಿಡಿದು ನಿಂತೇ ಇದ್ದೆ. ನನಗೆ ಅಳು ಬಂತು, ಜೊತೆಗೇ ಸಿಟ್ಟೂ ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

ಫೆಬ್ರವರಿ 11, ಮಂಗಳವಾರ

ಈ ಆಟ ಆಡುವವರದೊಂದು ಚರ್ಚೆಯ ಸೈಟ್ ಇದೆ. ನಾನು ಹರಟೆಕಟ್ಟೆ ಅಂತ ಕರೆಯುತ್ತೇನೆ. ಆಟ ಬಿಡುಗಡೆಯಾದಾಗಿನಿಂದ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಓದುವುದು, ಯಾರಾದರೂ ಏನಾದರೂ ಪತ್ತೆ ಮಾಡಿದರೋ ಎಂದು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಇವತ್ತು ಮಾಡಿಯೇಬಿಟ್ಟಿದ್ದಾರೆ. ತುಕ್ಕುಕತ್ತಿ ಅಂತ ಹೆಸರಿಟ್ಟುಕೊಂಡವರೊಬ್ಬರು ಬರೆದಿದ್ದಾರೆ: "ಹೆಡ್‌ಫೋನ್ ಹಾಕಿ ಕೇಳಿ. ಕೊನೆಯ ಗುಡಿಯಲ್ಲಿ ಅಲೆಯೊಡತಿ 'ಮಗೂ' ಅನ್ನುವ ಮುಂಚೆ ಮೂಗಿನಲ್ಲಿ ಚಿಕ್ಕ ಉಸಿರು ಎಳೆಯುತ್ತಾಳೆ. ಇಡೀ ಆಟದಲ್ಲಿ ಹಾಗೆ ಉಸಿರೆಳೆಯುವವಳು ಬೂದಿಯೊಡತಿ ಒಬ್ಬಳೇ. ಅಲೆ ಮತ್ತು ಬೂದಿ ಇಬ್ಬರಲ್ಲ. ಒಬ್ಬಳೇ ದೇವಿ, ಎರಡು ಮುಖವಾಡ."

ಆ ಉಸಿರು! ಇಪ್ಪತ್ತೆರಡು ವರ್ಷ ಅಕ್ಕ ಅದಕ್ಕಾಗಿ ಬೈದಿದ್ದಾಳೆ. "ಉಸಿರನ್ನ ಸಾಲಿನ ಹೊರಗೆ ಬಿಟ್ಟು ಬಾರೇ." ಬಿಟ್ಟು ಬರಲಾಗಲಿಲ್ಲ.

ಒಂದೇ ದೇವಿ ಅನ್ನಲಿ, ನನಗೇನೂ ನಷ್ಟವಿಲ್ಲ. ಆದರೆ ಅದರ ಕೆಳಗೆ ಯಾರೋ ಒಂದು ಸಾಲು ಹಾಕಿದ್ದಾರೆ: "ಅಥವಾ ದನಿ ಕೊಟ್ಟವರೇ ಬದಲಾಗಿದ್ದಾರೋ?" ಅದನ್ನು ಮೆಚ್ಚಿದವರು ಇಬ್ಬರು. ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ.

ಫೆಬ್ರವರಿ 14, ಶುಕ್ರವಾರ

ಆ ಒಂದು ಸಾಲಿನ ಮೇಲೆ ಮಣ್ಣು ಎಳೆಯಬೇಕಿತ್ತು. ಎಳೆದೆ. "ಹಳೇಚಪ್ಪಲಿ" ಅಂತ ಹೆಸರಿಟ್ಟುಕೊಂಡು ಊಟದ ಬಿಡುವಿನಲ್ಲಿ ಬರೆದೆ. "ತುಕ್ಕುಕತ್ತಿ ಹೇಳಿದ್ದು ನೂರಕ್ಕೆ ನೂರು ಸರಿ. ಪುರಾವೆ ಒಂದು: ಬೂದಿಯೊಡತಿಯ ಗುಡಿಯಲ್ಲಿ ಮಳೆಯೇ ಇಲ್ಲ, ಆದರೆ ಅವಳ ಹೆಜ್ಜೆಗುರುತು ಒದ್ದೆ. ಪುರಾವೆ ಎರಡು: ಅಲೆಯೊಡತಿಯ ಚಿತ್ರದಲ್ಲಿ ಕೂದಲ ತುದಿ ಬೂದುಬಣ್ಣ. ಪುರಾವೆ ಮೂರು: ಎರಡೂ ಗುಡಿಗೆ ಒಂಬತ್ತೇ ಮೆಟ್ಟಿಲು."

ಹೆಜ್ಜೆ ಒದ್ದೆಯೋ ಒಣಗಿದ್ದೋ ನಾನು ಕಂಡಿಲ್ಲ. ಸಂಜೆಯೊಳಗೆ ಮೂವರು, ತಾವೇ ಹೋಗಿ ಒದ್ದೆ ಹೆಜ್ಜೆ ನೋಡಿಬಂದೆವು ಅಂತ ಬರೆದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಮನಸ್ಸು ಹಗುರವಾಯಿತು. ಬರುವಾಗ ಅಕ್ಕನಿಗೆ ಹೊಸ ಚಪ್ಪಲಿ ತಂದೆ. ಅವಳಿಗೆ ಬೇಕಾಗಿರಲಿಲ್ಲವಂತೆ.

ಫೆಬ್ರವರಿ 20, ಗುರುವಾರ

ಆಸ್ಪತ್ರೆಗೆ ಹೋಗಿದ್ದೆವು. ಮಾತಿನ ಟೀಚರ್ ಅಕ್ಕನಿಗೆ ಡಿಸೆಂಬರಿನಿಂದ ಹೊಸ ದನಿ ಕಲಿಸುತ್ತಿದ್ದಾರೆ. ಗಾಳಿಯನ್ನು ನೀರು ಕುಡಿದ ಹಾಗೆ ನುಂಗಬೇಕು, ತೇಗಿನ ಹಾಗೆ ವಾಪಸು ತರಬೇಕು, ಆ ತೇಗಿನಲ್ಲೇ ಅಕ್ಷರ ಕಟ್ಟಬೇಕು. ಪ, ತ, ಕ ಮೊದಲು ಬರುತ್ತವಂತೆ. ಅಕ್ಕನಿಗೆ ಇನ್ನೂ ಬರೀ ತೇಗು. ಪ್ರತಿ ಸಲವೂ ಅವಮಾನದಿಂದ ಕಿವಿ ಕೆಂಪಾಗುತ್ತದೆ.

"ಮನೇಲಿ ಎಷ್ಟು ಹೊತ್ತು ಅಭ್ಯಾಸ ಮಾಡ್ತೀರಿ?" ಅಂತ ಟೀಚರ್ ಅವಳನ್ನು ಕೇಳಿದರು.

"ದಿನಕ್ಕೆ ಅರ್ಧ ಗಂಟೆ ಮಾಡ್ತಾಳೆ" ಅಂದೆ.

"ಸುಸ್ತಾಗುತ್ತಾ?"

"ಆಗುತ್ತೆ ಮೇಡಂ, ಪಾಪ. ಮೊದ್ಲಿಂದಾನೂ ಅವಳದ್ದು ಸ್ವಲ್ಪ ಹಟ."

ಟೀಚರ್ ಪೆನ್ನು ಕೆಳಗಿಟ್ಟು, "ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಅಂದರು. ಬಾಗಿಲು ಹಾಕಿಕೊಂಡರು. ಎಂಥ ಜನ! ಬ್ಯಾಂಕಿಗೆ ಫೋನು ಮಾಡುವವಳು ನಾನು, ಔಷಧಿ ಅಂಗಡಿಯಲ್ಲಿ ಮಾತಾಡುವವಳು ನಾನು, ಅವಳು ಹಲಗೆ ಎತ್ತುವ ಮೊದಲೇ ಅವಳಿಗೇನು ಬೇಕು ಅಂತ ಹೇಳುವವಳು ನಾನು. ನಾನಿಲ್ಲದಿದ್ದರೆ ಅವಳ ಗತಿ ಏನು ಅಂತ ಯಾರಾದರೂ ಯೋಚಿಸಿದ್ದಾರಾ? ಬೆಂಚಿನ ಮೇಲೆ ಕೂತು ಪುರಾವೆ ಎಂಟು ಮತ್ತು ಒಂಬತ್ತು ಬರೆದೆ.

ಮಾರ್ಚ್ 1, ಶನಿವಾರ

ಜೇಡ ಸತ್ತಿತು. ಅಕ್ಕ ನಾಲ್ಕನೆಯ ಗುಡಿಯಲ್ಲಿದ್ದಾಳೆ. ಈಗ ಕೈ ಕುದುರಿದೆ, ಹಲ್ಲು ಕಚ್ಚಿಕೊಂಡು ಆಡುತ್ತಾಳೆ, ಮೂವತ್ತು ವರ್ಷ ಟೇಕ್ ಮೇಲೆ ಟೇಕ್ ಕೊಟ್ಟವಳಿಗೆ ತಾಳ್ಮೆ ಕಲಿಸಬೇಕೇ?

ನಾನು ಕಂಟ್ರೋಲರಿನ ಸೆಲ್ಲು ತೆಗೆದು ಅಕ್ಕಿಡಬ್ಬದಲ್ಲಿ ಬಚ್ಚಿಟ್ಟೆ. ಅವಳು ಗೋಡೆ ಗಡಿಯಾರದ ಸೆಲ್ಲು ತೆಗೆದು ಹಾಕಿಕೊಂಡಳು. ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಹತ್ತೂ ಇಪ್ಪತ್ತು.

ಕಟ್ಟೆಯಲ್ಲಿ ನನ್ನ ಪುರಾವೆ ಹದಿನೇಳಕ್ಕೆ ಏರಿವೆ. ಜನ ಅದಕ್ಕೆ ಚಿತ್ರ ಬರೆಯುತ್ತಿದ್ದಾರೆ, ಅರ್ಧ ಮುಖ ನೀಲಿ, ಅರ್ಧ ಬೂದು. "ಹಳೇಚಪ್ಪಲಿ ಅವರೇ ನಮ್ಮ ಗುರು" ಅಂತ ತುಕ್ಕುಕತ್ತಿ ಬರೆದಿದ್ದಾರೆ. ದನಿ ಕೊಟ್ಟವರು ಬದಲಾದರೇ ಅಂತ ಕೇಳಿದವನನ್ನು ಎಲ್ಲರೂ ಸೇರಿ ಬೈದು ಓಡಿಸಿದರು. ಪಾಪ, ಅವನೊಬ್ಬನೇ ನಿಜ ಹೇಳಿದ್ದ.

ಮಾರ್ಚ್ 5, ಬುಧವಾರ

ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಮೇಡಂ ಇವತ್ತು ಕಾಫಿ ಕೊಡಿಸಿ ಹೇಳಿದರು. "ಆಟದ ಹೊಸ ಭಾಗ ಬರ್ತಿದೆ. ಆಡೋರೆಲ್ಲ ಅಲೆ, ಬೂದಿ ಒಂದೇ ಅಂತ ಹಟ ಹಿಡ್ಕೊಂಡು ಕೂತಿದಾರಲ್ಲ, ಕಂಪನಿಯವರು ಅದನ್ನೇ ಕಥೆ ಮಾಡ್ತಾರಂತೆ. ಅಲೆಯೊಡತಿ ಮುಖವಾಡ ತೆಗೀತಾಳೆ, ಒಳಗಿರೋದು ಬೂದಿಯೊಡತಿ!"

"ಒಳ್ಳೇದು" ಅಂದೆ.

"ಎರಡೂ ಪಾತ್ರ ನಿಮ್ಮದೇ. ಹಳೇ ಸಾಲುಗಳನ್ನೂ ನಿಮ್ಮ ದನೀಲೇ ಮತ್ತೆ ತುಂಬ್ತಾರೆ, ಎಲ್ಲಾ ಒಂದೇ ಥರ ಇರ್ಲಿ ಅಂತ. ತಿಂಗಳ ಕೊನೆಯೊಳಗೆ ಹೂಂ ಅನ್ನಿ."

"ಹಳೇ ಸಾಲು ಅಂದ್ರೆ... ಅಕ್ಕನ ನೂರ ತೊಂಬತ್ತೈದು?"

ಮೇಡಂ ಲೋಟದೊಳಗೆ ನೋಡಿದರು. "ನನಗೂ ಬೇಜಾರೇ ಕಣ್ರೀ."

ಹತ್ತೊಂಬತ್ತು ಸಾಲು ಮುಚ್ಚಿಡಲು ಹೋಗಿ ಅವಳ ಇಡೀ ದನಿಯನ್ನೇ ಅಳಿಸಿ ಹಾಕಿಸುತ್ತಿದ್ದೇನೆ. ಯಾರೂ ಮಾಡಿದ್ದಲ್ಲ, ನಾನೇ ತೋಡಿದ ಹಳ್ಳ. ಹದಿನೇಳು ಪುರಾವೆ! ಒಂದೊಂದನ್ನೂ ಬಸ್ಸಿನಲ್ಲಿ ಕೂತು ಖುಷಿಯಿಂದ ಬರೆದೆನಲ್ಲ.

ಮನೆಗೆ ಬಂದಾಗ ಅಕ್ಕ ಐದನೆಯ ಗುಡಿ ಮುಗಿಸಿ, ನಾನು ಮೆಚ್ಚಲಿ ಅಂತ ಟೀವಿ ಆರಿಸದೆ ಕಾಯುತ್ತಿದ್ದಳು.

ಮಾರ್ಚ್ 9, ಭಾನುವಾರ

ಸಮುದ್ರದ ತಳ. ಅವಳು ಈಜುತ್ತಿದ್ದಾಳೆ. ನಾನು ಕಿಟಕಿ ಒರೆಸಿದೆ, ಫ್ಯಾನ್ ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ.

ಮಾರ್ಚ್ 12, ಬುಧವಾರ

ಕೇಳಿಸಿಕೊಂಡಳು.

ನಾನು ಒಳಗೆ ಬರುವಾಗ ಪರದೆಯ ಮೇಲೆ ಅಲೆಯೊಡತಿ ಇದ್ದಳು, ಹತ್ತೊಂಬತ್ತರಲ್ಲಿ ನಾಲ್ಕನೆಯ ಸಾಲು. ಅಕ್ಕನ ತುಟಿ ಅಲುಗುತ್ತಿರಲಿಲ್ಲ. ಹದಿನೈದು ಸಾಲು ನಾನು ಚಪ್ಪಲಿ ಸಹಿತ ಬಾಗಿಲಲ್ಲೇ ನಿಂತು ಕೇಳಿದೆ. ಮುಗಿದ ಮೇಲೆ ಅವಳು ಟೀವಿ ಆರಿಸಿದಳು. ಹಲಗೆ ತೆಗೆದುಕೊಂಡು ಬಟ್ಟೆಯಿಂದ ಚೊಕ್ಕವಾಗಿ ಒರೆಸಿ, ಮೇಜಿನ ಡ್ರಾಯರಿನಲ್ಲಿಟ್ಟು, ಡ್ರಾಯರು ಮುಚ್ಚಿದಳು.

ಮಾರ್ಚ್ 13, ಗುರುವಾರ

ಹಲಗೆ ಹೊರಗೆ ಬಂದಿಲ್ಲ. ದನಿಯೇ ಇಲ್ಲದವಳು ಮಾತು ಬಿಟ್ಟರೆ ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮನೆಯ ಪಾತ್ರೆಗಳು ಕೂಡ ಮೆಲ್ಲಗೆ ಕೂರುತ್ತಿವೆ.

ಮಾರ್ಚ್ 14, ಶುಕ್ರವಾರ

ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ, "ಬೈಯೇ. ಏನಾದ್ರೂ ಬರಿಯೇ. ಹೊಡಿ ಬೇಕಾದ್ರೆ" ಅಂದೆ.

ಅವಳು ತುತ್ತು ಮುಗಿಸಿ, ಕೈ ತೊಳೆದು, ಹಲಗೆ ತಂದಳು. ತುಂಬಾ ಹೊತ್ತು ಯೋಚಿಸಿ ಬರೆದಳು: "ಹತ್ತೊಂಬತ್ತರಲ್ಲಿ ಹದಿನಾಲ್ಕು ಚೆನ್ನಾಗಿವೆ. ಸಿಟ್ಟು ಅದಕ್ಕೇ."

ಅವಳು ಒರೆಸಿ ಮತ್ತೆ ಬರೆದಳು. "ನನ್ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು. ಬೇಡ ಅನ್ನೋಕಾದ್ರೂ ಬಿಡ್ಬೇಕಿತ್ತು."

ಆಮೇಲೆ ನಾನು ಎಲ್ಲ ಕಕ್ಕಿದೆ. ಹರಟೆಕಟ್ಟೆ, ಹಳೇಚಪ್ಪಲಿ, ಹದಿನೇಳು ಪುರಾವೆ. ಅವಳು ನನ್ನ ಫೋನು ಕಿತ್ತುಕೊಂಡು ಒಂದೊಂದೇ ಓದಿದಳು. ಒದ್ದೆ ಹೆಜ್ಜೆಗೆ ಬಂದಾಗ ಅವಳ ಭುಜ ಕುಲುಕಿತು. ನಗುತ್ತಿದ್ದಳು! ಕತ್ತಿನ ತೂತಿನಿಂದ ಗಾಳಿ ಪುಸುಪುಸು ಅಂದಿತು. ನನಗೆ ಬದುಕಿದೆ ಅನ್ನಿಸಿ, ಅದೇ ಉಸಿರಿನಲ್ಲಿ ಹೊಸ ಭಾಗದ ವಿಷಯವನ್ನೂ ಹೇಳಿಬಿಟ್ಟೆ.

ನಗು ನಿಂತಿತು. ಅವಳು ಬರೆದದ್ದು: "ಅಂದ್ರೆ ನನ್ನವಳು ಉಳಿಯಲ್ಲ."

"ಇಲ್ಲಕ್ಕಾ, ನಾನು ಹೇಳ್ತೀನಿ, ಮೇಡಂ ಹತ್ರ ಮಾತಾಡ್ತೀನಿ, ನಿನ್ನ ಪರವಾಗಿ ನಾನೇ ಕಂಪನಿಗೆ ಕಾಗದ ಬರೀತೀನಿ, ನೀನೇನೂ ತಲೆ ಕೆಡಿಸ್ಕೋಬೇಡ, ನಿನಗೇನು ಅನ್ನಿಸುತ್ತೆ ಅಂತ ನನಗೆ ಗೊತ್ತಿಲ್ವಾ, ನಾನು..."

ಅವಳು ಅಂಗೈಯಿಂದ ಮೇಜು ಬಡಿದಳು. ಗಂಟಲಲ್ಲಿ ಏನೋ ಇಳಿಯಿತು, ಏನೋ ಏರಿತು.

"ಕ... ತ್ತೆ."

ಬಾವಿಯೊಳಗೆ ಕಲ್ಲು ಸರಿದ ಹಾಗೆ ಕೇಳಿಸಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆರು ತಿಂಗಳ ಮೇಲೆ ಅಕ್ಕ ಬಾಯಿಬಿಟ್ಟು ಆಡಿದ ಮೊದಲ ಮಾತು. ನಾನು ಜೋರಾಗಿ ಅತ್ತೆ. ಅವಳು ಮಾತ್ರ ಕಣ್ಣು ಅಗಲಿಸಿಕೊಂಡು, ಇನ್ನೊಂದು ಸಲ, ಸರಿಯಾಗಿ ಬಂತೋ ಇಲ್ಲವೋ ನೋಡುವವಳ ಹಾಗೆ, "ಕತ್ತೆ" ಅಂದಳು.

ಮಾರ್ಚ್ 17, ಸೋಮವಾರ

ಕಟ್ಟೆಗೆ ಹೋಗಿ ನಿಜ ಬರೆದೆ. "ಇಬ್ಬರೂ ಬೇರೆ ಬೇರೆ. ನನ್ನ ಪುರಾವೆಯೆಲ್ಲ ಕಟ್ಟಿದ್ದು. ಬೂದಿಯೊಡತಿಗೆ ದನಿ ಕೊಟ್ಟವಳು ನಾನು, ಅಲೆಯೊಡತಿ ನನ್ನ ಅಕ್ಕ. ಕೊನೆಯ ಹತ್ತೊಂಬತ್ತು ಸಾಲು ಮಾತ್ರ ನನ್ನದು. ಕ್ಷಮಿಸಿ."

ಅರ್ಧ ಗಂಟೆಯಲ್ಲಿ ನಲವತ್ತು ಉತ್ತರ. "ಪುರಾವೆ ಎಲ್ಲಿ?" "ಹಳೇಚಪ್ಪಲಿ ಅವರ ಖಾತೆಯನ್ನು ಯಾರೋ ಕದ್ದಿದ್ದಾರೆ." ತುಕ್ಕುಕತ್ತಿಯಂತೂ, "ನಮ್ಮ ಗುರುಗಳ ಶೈಲಿಯೇ ಇದಲ್ಲ" ಅಂದರು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕಟ್ಟೆಯಿಂದ ಹೊರಗೆ ಹಾಕಿದರು. ಒದ್ದೆ ಹೆಜ್ಜೆ ನಂಬುತ್ತಾರೆ, ನನ್ನನ್ನು ನಂಬುವುದಿಲ್ಲ.

ಅಕ್ಕನಿಗೆ ಓದಿ ಹೇಳಿದೆ. "ಪಾಪ" ಅಂದಳು. ಈಗ ಪ ಕೂಡ ಬರುತ್ತದೆ.

ಮಾರ್ಚ್ 20, ಗುರುವಾರ

ಮೇಡಂಗೆ ಆಗುವುದಿಲ್ಲ ಅಂದೆ.

"ಯೋಚ್ನೆ ಮಾಡಿ. ನೀವು ಬೇಡ ಅಂದ್ರೆ ಇನ್ನೊಬ್ಬರನ್ನ ಕರೆಸ್ತಾರೆ, ಎರಡೂ ಅವರೇ ಮಾಡ್ತಾರೆ. ಆಗ ನಿಮ್ಮದೂ ಹೋಯ್ತು, ಅವರದ್ದೂ ಹೋಯ್ತು."

ನಾನು ದೊಡ್ಡ ತ್ಯಾಗ ಮಾಡಿದೆ ಅಂದುಕೊಂಡು ಮೆಟ್ಟಿಲಿಳಿಯುತ್ತಿದ್ದೆ. ಕೆಳಗೆ ಬರುವಷ್ಟರಲ್ಲಿ ಅರ್ಥವಾಯಿತು, ನನ್ನ ತ್ಯಾಗ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಗಾಳಿ ನುಂಗುತ್ತಾ ಕೂತಳು.

ಮಾರ್ಚ್ 26, ಬುಧವಾರ

ಅವಳು ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡುತ್ತಿದ್ದಾಳೆ. ಬಾತ್ರೂಮಿನಲ್ಲಿ, ಬಾಲ್ಕನಿಯಲ್ಲಿ, ಟೀವಿಯ ಮುಂದೆ. ಆಟದ ವಿಗ್ರಹದ ಎದುರು ನಿಂತು ಗುಂಡಿ ಒತ್ತುತ್ತಾಳೆ, ಹಳೆಯ ದನಿ ಒಂದು ಸಾಲು ಹೇಳಿ ಮುಗಿಸಿದ ಮೇಲೆ ಹೊಸ ದನಿಯಲ್ಲಿ ಅದನ್ನೇ ಹೇಳುತ್ತಾಳೆ. "ಬಾ. ಮಗೂ. ಕಾಲು. ಒದ್ದೆ." ಒಂದೊಂದು ಮಾತಿಗೂ ಒಂದೊಂದು ಗುಟುಕು ಗಾಳಿ.

ಪಕ್ಕದ ಮನೆಯವರು ಆ ದಪ್ಪ ದನಿ ಕೇಳಿ, ಗಂಡಸರು ಯಾರು ಬಂದಿದ್ದಾರೆ ಅಂತ ಕೇಳಲು ಬಂದರು. ಅಕ್ಕ ಇದ್ದಳಲ್ಲ, ಅವಳೇ ಬಾಗಿಲಿಗೆ ಹೋದಳು. ನಾನು ತರಕಾರಿ ಹೆಚ್ಚುತ್ತಿದ್ದೆ.

ಮಾರ್ಚ್ 31, ಸೋಮವಾರ

ಕೊನೆಯ ದಿನ. ಹತ್ತು ಗಂಟೆಗೆ ಮೇಡಂ ಫೋನು ಬಂತು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಏನ್ ತೀರ್ಮಾನ ಮಾಡಿದ್ರಿ?"

ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು, ಎರಡು ದಿನದಿಂದ ಕಟ್ಟಿಟ್ಟಿದ್ದೆ. ಅಕ್ಕ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ತಪ್ಪು" ಅಂದಳು.

"ಹಲೋ? ಯಾರು ಸರ್ ಮಾತಾಡ್ತಿರೋದು?"

ನಾನು ಅಕ್ಕನ ಮುಖ ನೋಡಿದೆ. ಕಿವಿ ಕೆಂಪಾಗಿತ್ತು. ಸರ್ ಅಂದರಲ್ಲ, ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಹೋಗಲಿಲ್ಲ. ಗಾಳಿ ನುಂಗಿದಳು.

"ಅಲೆ... ಯೊಡತಿ."

ಮೇಡಂ ಉಸಿರು ಎಳೆದದ್ದು ಕೇಳಿಸಿತು. "ಅಯ್ಯೋ ದೇವರೇ" ಅಂದರು. ಇಪ್ಪತ್ತು ವರ್ಷ ಗಾಜಿನ ಆಚೆ ಕೂತು ಅಕ್ಕನ ದನಿ ಕೇಳಿದವರು ಅವರು.

"ಒಬ್ಬಳಲ್ಲ. ಇಬ್ಬರು." ಗುಟುಕು. "ಅಕ್ಕ." ಗುಟುಕು. "ತಂಗಿ."

"ಅಂದ್ರೆ... ದೇವಿಯರು ಅಕ್ಕತಂಗಿ ಅಂತಾನಾ? ಅದಕ್ಕೇ ದನಿ ಹೋಲುತ್ತೆ ಅಂತ?"

"ಹೂಂ. ಸಮುದ್ರದ. ತಳದಲ್ಲಿ. ದನಿ. ಹೋಯ್ತು. ಇದು." ತುಂಬಾ ಹೊತ್ತಾಯಿತು. ನನ್ನ ಬಾಯಿಗೆ ಮಾತು ನಾಲ್ಕು ಸಲ ಬಂದು ನಾಲ್ಕು ಸಲ ಹಿಂದೆ ಹೋಯಿತು. "ಇದು. ಬಂತು."

ಮೇಡಂ ಅಳುತ್ತಿದ್ದರೋ ಬರೆದುಕೊಳ್ಳುತ್ತಿದ್ದರೋ ಗೊತ್ತಾಗಲಿಲ್ಲ. ಕೊನೆಗೆ, "ನಾಳೆ ಬನ್ನಿ. ಈ ದನೀಲೇ ಐದು ಸಾಲು ತೆಗೆದು ಕಂಪನಿಗೆ ಕಳಿಸ್ತೀನಿ. ಒಪ್ತಾರೆ ಅಂತ ಮಾತು ಕೊಡಲ್ಲ" ಅಂದರು.

ಫೋನಿಟ್ಟ ಮೇಲೆ ಅಕ್ಕ ಬೆವರಿದ್ದಳು. ನಾನು ನೀರು ತಂದುಕೊಟ್ಟೆ.

ಏಪ್ರಿಲ್ 9, ಬುಧವಾರ

ಕಂಪನಿಯಿಂದ ಉತ್ತರ. "ಇವರನ್ನು ಎಲ್ಲಿ ಹುಡುಕಿದಿರಿ?" ಅಂತ ಕೇಳಿದ್ದಾರಂತೆ. ನೂರ ತೊಂಬತ್ತೈದು ಸಾಲು ಹಾಗೇ ಇರುತ್ತವೆ. ನನ್ನ ಹತ್ತೊಂಬತ್ತು ಕಿತ್ತುಹಾಕಿ, ಅಲ್ಲಿಂದ ಮುಂದೆ ಅಕ್ಕನ ಹೊಸ ದನಿ. ಹೊಸ ಭಾಗದಲ್ಲಿ ಇಬ್ಬರು ದೇವಿಯರು, ಅಕ್ಕತಂಗಿ, ಎದುರುಬದುರು ಜಗಳವಾಡುತ್ತಾರೆ.

ಕಟ್ಟೆಯಲ್ಲಿ ಏನನ್ನುತ್ತಾರೋ. ನೋಡಲು ನನಗೆ ಪ್ರವೇಶವಿಲ್ಲ, ನೋಡಬೇಕು ಅಂತಲೂ ಇಲ್ಲ.

ಅಕ್ಕ ನನ್ನ ಹದಿನಾಲ್ಕು ಒಳ್ಳೆಯ ಸಾಲುಗಳನ್ನು ಮತ್ತೊಮ್ಮೆ ಹಾಕಿ ಕೇಳಿದಳು. "ಹೋಗುತ್ತಲ್ಲ" ಅಂದಳು, ಸ್ವಲ್ಪ ಬೇಜಾರಿನಿಂದಲೇ. ನಾನು ಹೋಗಲಿ ಬಿಡು ಅಂದೆ. ಸುಳ್ಳು ಯಾಕೆ ಹೇಳಲಿ, ಅವಳು ಎದ್ದು ಹೋದ ಮೇಲೆ ನಾನೂ ಒಂದು ಸಲ ಹಾಕಿ ಕೇಳಿದೆ.

ಏಪ್ರಿಲ್ 15, ಮಂಗಳವಾರ

ಇವತ್ತು ರೆಕಾರ್ಡಿಂಗ್. ಒಂದೇ ಕೋಣೆ, ಎರಡು ಮೈಕು, ನಾನು ಈ ಕಡೆ, ಅವಳು ಆ ಕಡೆ. ಕತ್ತಿನ ತೂತಿನ ಗಾಳಿ ಮೈಕಿಗೆ ಹೊಡೆಯದ ಹಾಗೆ ಸೌಂಡಿನವರು ಎರಡು ಪದರದ ಹತ್ತಿಬಟ್ಟೆ ಕಟ್ಟಿದರು. ಅಕ್ಕ ಹೊಸ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ನಿಂತಳು.

ಮೊದಲ ಟೇಕ್. ಅಲೆಯೊಡತಿ ಕೇಳುತ್ತಾಳೆ, ನನ್ನ ನೀರನ್ನೆಲ್ಲ ಕುಡಿದು ನೀನು ದೊಡ್ಡವಳಾದೆಯಾ ಅಂತ. ಅಕ್ಕ "ನನ್ನ. ನೀರನ್ನೆಲ್ಲ. ಕುಡಿದು" ಎಂದು ಗಾಳಿ ನುಂಗಲು ನಿಂತಳು, ಅಷ್ಟರಲ್ಲಿ ನಾನು ನನ್ನ ಸಾಲು ಶುರುಮಾಡಿಬಿಟ್ಟೆ. ಸೌಂಡಿನವರು ನಿಲ್ಲಿಸಿದರು. ಎರಡನೆಯ ಟೇಕ್, ಮತ್ತೆ ಹಾಗೇ. ಮೂರನೆಯದರಲ್ಲೂ. ಗಾಜಿನ ಆಚೆಯಿಂದ ಮೇಡಂ, "ಅವರು ಮುಗಿಸ್ಲಿ ಬಿಡ್ರೀ" ಅಂದರು. ನಾನು ಮುಗಿಯಿತು ಅಂದುಕೊಂಡೆ ಅಂದೆ.

ನಾಲ್ಕನೆಯ ಟೇಕ್. ಅಕ್ಕ ಹೇಳಿದಳು. ನಾನು ಅವಳ ಗಂಟಲು ನೋಡುತ್ತಾ ನಿಂತೆ. ಗಾಳಿ ಒಳಗೆ ಹೋಗುವುದು ಕಾಣುತ್ತದೆ, ಬರುವುದು ಕಾಣುವುದಿಲ್ಲ, ದನಿ ಮಾತ್ರ ಬರುತ್ತದೆ. "ನೀನು." ನಿಂತಳು. "ದೊಡ್ಡವಳು." ಎಷ್ಟು ಹೊತ್ತು ನಿಂತಳೋ. ಆ ನಿಲುಗಡೆಯೂ ಸಾಲಿನ ಒಳಗೇ ಇದೆ, ಅವಳು ಅದನ್ನು ಬೇಕೆಂದೇ ಇಟ್ಟಿದ್ದಾಳೆ, ಎಲ್ಲಿ ನೋಯಬೇಕೋ ಅಲ್ಲಿ. ಇಂಥದ್ದನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಮಾಡಿಲ್ಲ. "ಆದೆಯಾ?"

ಸೌಂಡಿನವರು ನನ್ನ ಕಡೆ ನೋಡಿದರು. ಮೇಡಂ ನೋಡಿದರು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಇನ್ನೂ ಏನಾದರೂ ಹೇಳುತ್ತಾಳೇನೋ ಅಂತ.

ಅಕ್ಕ ಹುಬ್ಬು ಏರಿಸಿದಳು.

"ಈಗ. ನೀನು" ಅಂದಳು.

ಆ ಟೇಕ್ ಹಾಳಾಯಿತು. ಇನ್ನೊಂದು ತೆಗೆದೆವು.